ಎರಡು ಸೊನ್ನೆಗಳು

ಕ್ರಿಕೆಟ್ಟಿನ ದಾಖಲೆಗಳನ್ನು ಕಂಠಪಾಠ ಮಾಡಿದ ಹುಡುಗನೊಬ್ಬನು ಈಗ ಪ್ರತಿ ಮನೆಯಲ್ಲಿಯೂ ಇರುವನು. ಅಮರಕೋಶದ ಹತ್ತು ಸಾಲಿಗೆ ಬಗ್ಗದ ನಾಲಗೆ ಇದಕ್ಕೆ ಹೇಗೆ ಬಗ್ಗಿತೋ ನಾವರಿಯೆವು. ಈ ತಿಂಗಳು ನಾವು ವಾಚಕರ ಮುಂದಿಡುವುದು ದೊಡ್ಡ ಅಂಕಿಯನ್ನಲ್ಲ. ದೊಡ್ಡ ಅಂಕಿಗಳ ಮಗ್ಗುಲಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತಿರುವ ಎರಡು ಸೊನ್ನೆಗಳನ್ನು.

ಆಟವನ್ನು ಬಲ್ಲದವರಿಗಾಗಿ ಒಂದು ಮಾತು. ಒಂದು ಪಕ್ಷದ ಸರದಿಯಲ್ಲಿ ಬೀಳತಕ್ಕ ವಿಕೆಟ್ಟುಗಳು ಹತ್ತು. ಚೆಂಡೆಸೆಯುವವರು ಎರಡು ತುದಿಗಳಿಂದ ಒಬ್ಬರಾದ ಮೇಲೊಬ್ಬರು ಆರಾರು ಚೆಂಡುಗಳ ಓವರನ್ನು ಎಸೆಯುವರು. ಆದುದರಿಂದ ಹತ್ತನ್ನೂ ಒಬ್ಬನೇ ಪಡೆಯಬೇಕಾದರೆ ಮಿಕ್ಕವರಿಗೆಲ್ಲ ಸೊನ್ನೆಯೇ ಗತಿ. ಪುರುಷರ ಟೆಸ್ಟ್ ಪಂದ್ಯಗಳು 1877ರಲ್ಲಿ ಆರಂಭವಾದುವು. ಅಂದಿನಿಂದ ಈ ಸಾಧನೆ ಮೂವರಿಗೆ ಮಾತ್ರ ಒಲಿದಿದೆ: 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್, 1999ರಲ್ಲಿ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ, 2021ರಲ್ಲಿ ನ್ಯೂಜಿಲೆಂಡಿನ ಏಜಾಜ್ ಪಟೇಲ್. ಈ ಮೂರನೆಯವರು ಹುಟ್ಟಿದ ಮುಂಬಯಿಯಲ್ಲಿಯೇ ಹತ್ತನ್ನೂ ಪಡೆದರು. ಆದರೂ ಅವರ ಪಕ್ಷವು ಸೋತಿತು.

ಕುಂಬ್ಳೆಯವರ ಪಂದ್ಯ ನಡೆದುದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ. 1999ರ ಫೆಬ್ರವರಿ 7ರಂದು ಪಾಕಿಸ್ತಾನವು 420 ರನ್ನುಗಳ ಗುರಿಯನ್ನು ಬೆನ್ನಟ್ಟಿ, ಒಂದು ವಿಕೆಟ್ಟನ್ನೂ ಕಳೆದುಕೊಳ್ಳದೆ ನೂರನ್ನು ದಾಟಿತ್ತು. ಮಧ್ಯಾಹ್ನದ ಊಟವಾದ ಮೇಲೆ ಕುಂಬ್ಳೆಯವರು ತುದಿಯನ್ನು ಬದಲಿಸಿದರು. ಆ ಬಳಿಕ ಒಬ್ಬೊಬ್ಬರಾಗಿ ಹಿಂದಿರುಗಿದವರ ಲೆಕ್ಕವೆಲ್ಲ ಅವರೊಬ್ಬರದೇ. 198ರ ಮೊತ್ತದಲ್ಲಿ ಎಂಟನೆಯದೂ ಒಂಬತ್ತನೆಯದೂ ಒಟ್ಟಿಗೆ ಬಿದ್ದುವು. ಅಷ್ಟಕ್ಕೆ ಅವರ ಓವರು ಮುಗಿಯಿತು.

ಎದುರು ತುದಿಯಲ್ಲಿ ಚೆಂಡನ್ನು ಕೈಗೆತ್ತಿಕೊಂಡವರು ಮೈಸೂರಿನ ಜಾವಗಲ್ ಶ್ರೀನಾಥ್. ಆ ಕಾಲಕ್ಕೆ ಭಾರತದ ವೇಗದ ಬೌಲರುಗಳಲ್ಲಿ ಅಗ್ರಗಣ್ಯರು. ಉಳಿದದ್ದು ಒಂದೇ ವಿಕೆಟ್ಟು. ಅವರು ಆ ಓವರಿನ ಚೆಂಡುಗಳನ್ನು ವಿಕೆಟ್ಟಿನ ಗೊಡವೆಗೇ ಹೋಗದಂತೆ ದೂರದೂರಕ್ಕೆ ಎಸೆದು ಮುಗಿಸಿದರು. ಮುಂದಿನ ಓವರಿನ ಮೂರನೆಯ ಚೆಂಡಿಗೆ ವಾಸಿಂ ಅಕ್ರಂ ಅವರು ಲಕ್ಷ್ಮಣರ ಕೈಗೆ ಕ್ಯಾಚಿತ್ತರು. ಕುಂಬ್ಳೆಯವರ ಲೆಕ್ಕ 74 ರನ್ನಿಗೆ ಹತ್ತು. ಶ್ರೀನಾಥರದು 50 ರನ್ನಿಗೆ ಸೊನ್ನೆ. ಆ ದಿನ ಕುಂಬ್ಳೆಯವರ ತುದಿಯಲ್ಲಿ ನಿಂತು ತೀರ್ಪು ಹೇಳಿದ ಅಂಪೈರು ಎ. ವಿ. ಜಯಪ್ರಕಾಶರೂ ಕರ್ನಾಟಕದವರೇ ಎಂಬುದು ಹಲವರಿಗೆ ಮರೆತಿರಬಹುದು.

ತಲಘಟ್ಟಪುರದ ನಮ್ಮ ಬೀದಿಯ ಬಾಲಕನೊಬ್ಬನು, "ಶ್ರೀನಾಥರು ಬೇಕೆಂದೇ ದೂರ ಎಸೆದರಲ್ಲ, ಮೇಷ್ಟ್ರೇ, ಹಾಗಾದರೆ ಆ ಹತ್ತು ನಿಜವಾದ ಹತ್ತೇ?" ಎಂದು ಕೇಳಿದನು. ಪ್ರಶ್ನೆಯು ಹಗುರವಾದುದಲ್ಲ. ಪಕ್ಷಕ್ಕಾಗಿ ವಿಕೆಟ್ಟು ಕೀಳುವುದೇ ಬೌಲರನ ಧರ್ಮವಾಗಿರುವಾಗ, ಕೀಳದಿರಲು ಯತ್ನಿಸಿದವನು ಧರ್ಮಭ್ರಷ್ಟನಲ್ಲವೆ?

ಇದಕ್ಕೆ ಉತ್ತರವನ್ನು ಮತ್ತೊಂದು ಸೊನ್ನೆಯಲ್ಲಿ ಹುಡುಕಬೇಕು. 1956ರ ಜುಲೈಯಲ್ಲಿ ಮ್ಯಾಂಚೆಸ್ಟರಿನಲ್ಲಿ ಲೇಕರರು ಆಸ್ಟ್ರೇಲಿಯದ ಮೊದಲ ಸರದಿಯಲ್ಲಿ 37ಕ್ಕೆ ಒಂಬತ್ತನ್ನೂ, ಎರಡನೆಯದರಲ್ಲಿ 53ಕ್ಕೆ ಹತ್ತನ್ನೂ ಪಡೆದರು. ಅವರ ಎದುರು ತುದಿಯಲ್ಲಿದ್ದ ಟೋನಿ ಲಾಕ್ ಸಾಮಾನ್ಯರಲ್ಲ. ಅದೇ ನೆಲ, ಅದೇ ಚೆಂಡು. ಎರಡನೆಯ ಸರದಿಯಲ್ಲಿ 55 ಓವರುಗಳನ್ನು ಎಸೆದರೂ ಅವರಿಗೆ ದೊರೆತದ್ದು 69 ರನ್ನಿಗೆ ಸೊನ್ನೆ! ಇಡಿಯ ಪಂದ್ಯದಲ್ಲಿ ಅವರ ಪಾಲಿಗೆ ಬಂದದ್ದು ಒಂದೇ ವಿಕೆಟ್ಟು. ಮಳೆಯು ಪಂದ್ಯದ ಬಹಳಷ್ಟು ಸಮಯವನ್ನು ನುಂಗಿತ್ತು; ಕೊನೆಯ ದಿನದ ಸಂಜೆಯೊಳಗೆ ಆಸ್ಟ್ರೇಲಿಯದ ಎಲ್ಲರನ್ನೂ ಉರುಳಿಸದಿದ್ದರೆ ಗೆಲವು ಕೈತಪ್ಪುತ್ತಿತ್ತು. ಲಾಕರಿಗೆ ಔದಾರ್ಯ ತೋರಿಸಲು ಅವಕಾಶವೇ ಇರಲಿಲ್ಲ. ತೋರಿಸಿದ್ದರೆ ಅದು ದ್ರೋಹವೇ ಆಗುತ್ತಿತ್ತು.

ದೆಹಲಿಯ ಸ್ಥಿತಿ ಬೇರೆ. ಪಾಕಿಸ್ತಾನಕ್ಕೆ ಇನ್ನೂ 222 ರನ್ನು ಬೇಕಾಗಿದ್ದಿತು. ಕೈಯಲ್ಲಿದ್ದುದು ಒಂದೇ ವಿಕೆಟ್ಟು. ಆರು ಚೆಂಡುಗಳ ಸಂಯಮದಿಂದ ಭಾರತಕ್ಕೆ ನಷ್ಟವೇನೂ ಇರಲಿಲ್ಲ. ಶ್ರೀನಾಥರು ಬಿಟ್ಟುಕೊಟ್ಟದ್ದು ತಮಗೇ ದೊರೆಯಬಹುದಾಗಿದ್ದ ವಿಕೆಟ್ಟನ್ನು, ಪಕ್ಷದ್ದನ್ನಲ್ಲ. ಹತ್ತನೆಯದನ್ನು ಕುಂಬ್ಳೆಯವರು ಸ್ವಂತ ಕೈಯಿಂದಲೇ ಗಳಿಸಬೇಕಾಯಿತು. ತರ್ಕಶಾಸ್ತ್ರದಲ್ಲಿ ಅಭಾವವನ್ನೂ ಏಳನೆಯ ಪದಾರ್ಥವೆಂದು ಎಣಿಸುವರು. ಅಂಕಪಟ್ಟಿಯನ್ನು ಬರೆದವನಿಗೆ ಆ ಶಾಸ್ತ್ರ ತಿಳಿಯದು. ಬಿಡದೆ ಯತ್ನಿಸಿದ ಲಾಕರಿಗೂ, ಬೇಕೆಂದೇ ಬಿಟ್ಟ ಶ್ರೀನಾಥರಿಗೂ ಒಂದೇ ಬಗೆಯ ಸೊನ್ನೆಯನ್ನು ಸುತ್ತಿಟ್ಟನು.

ಇದಕ್ಕಿಂತ ಕಠಿನವಾದ ಪ್ರಸಂಗವೊಂದುಂಟು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೆದುರು ಭಾರತದ ನಾಯಕರಾಗಿದ್ದವರು ಭದ್ರಾವತಿಯ ಜಿ. ಆರ್. ವಿಶ್ವನಾಥ್. ಬಾಬ್ ಟೇಲರರು ಔಟೆಂದು ಅಂಪೈರು ತೀರ್ಪಿತ್ತಾಗ, ಚೆಂಡು ಬ್ಯಾಟಿಗೆ ತಗುಲಲಿಲ್ಲವೆಂದು ಬಗೆದ ವಿಶ್ವನಾಥರು ಅವರನ್ನು ಹಿಂದಕ್ಕೆ ಕರೆಯಿಸಿದರು. ಹನ್ನೊಂದು ಜನರ ಸ್ವತ್ತನ್ನು ಒಬ್ಬನೇ ದಾನಮಾಡಬಹುದೆ ಎಂದು ಕೇಳುವವರು ಈಗಲೂ ಇರುವರು. ತಮ್ಮದಲ್ಲವೆಂದು ಮನಸ್ಸಿಗೆ ತೋರಿದ ವಿಕೆಟ್ಟನ್ನು ಮರಳಿಸುವುದು ದಾನವೇ ಅಲ್ಲವೆಂಬುದು ನಮ್ಮ ಮತ. ಟೇಲರರು ಇಯಾನ್ ಬಾಥಂ ಅವರೊಡನೆ 171 ರನ್ನುಗಳನ್ನು ಕೂಡಿಸಿದರು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು.