ಅವ್ವನ ಗುಳಿಗೆ ಚೀಲಕ್ಕೆ ಯಾವ ಕಾಲಂ?

ನನ್ನ ಅವ್ವ ಇಳಕಲ್ಲಿನವಳು. ಅರ್ಧ ಆಯುಷ್ಯ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವಳು. ಈಗ ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ, ಮೊಣಕಾಲು ಸವೆದಿವೆ. ಸಕ್ಕರೆ, ಬಿಪಿಗೆ ಊರಲ್ಲೇ ಗುಳಿಗೆ. ಮೊಣಕಾಲಿಗೆ ಹುನಗುಂದದ ಒಬ್ಬ ಡಾಕ್ಟರು. ಉಳಿದದ್ದಕ್ಕೆಲ್ಲ ಬಾಗಲಕೋಟೆ. ಮೂರು ಊರಿನ ಚೀಟಿಗಳೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರುತ್ತವೆ.

ಕಳೆದ ವರ್ಷ ಅವಳ ಬಿಪಿ ಏರಿತು. ಗುಳಿಗೆ ಹೆಚ್ಚಿಸಿದರು. ಮತ್ತೆ ಏರಿತು, ಇನ್ನೊಂದು ಸೇರಿಸಿದರು. ಕಡೆಗೂ ಇಳಿಯಿತು, ಪುಸ್ತಕದಲ್ಲಿ ‘ನಿಯಂತ್ರಣದಲ್ಲಿದೆ’ ಎಂದು ಬರೆದುಕೊಂಡರು. ಕೆಲವು ತಿಂಗಳಲ್ಲೇ ಕಾಲು ಬಾತುಕೊಂಡವು. ಬಾಗಲಕೋಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಕಿಡ್ನಿ ಸೋತಿತ್ತು. ಅಲ್ಲಿನ ಒಬ್ಬ ಎಳೆಯ ಡಾಕ್ಟರು ಚೀಲವನ್ನು ಟೇಬಲ್ ಮೇಲೆ ಸುರಿದು ಕೇಳಿದರು: “ಈ ನೋವಿನ ಗುಳಿಗಿ ಎಷ್ಟ ದಿನದಿಂದ ತಗೋತೀರಿ, ಅವ್ವಾ?”

“ವರ್ಷದ ಮ್ಯಾಲಾತ್ರೀ ಸಾಹೇಬ್ರ. ದಿನಾ ಎರಡು.”

ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಬಿಪಿಯನ್ನು ಏರಿಸಬಲ್ಲದು, ಕಿಡ್ನಿಯನ್ನು ಕೆಡಿಸಬಲ್ಲದು. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಇದು ಡಾಕ್ಟರುಗಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಒಂದು ವರ್ಷ ಯಾರೂ ಕೇಳಲಿಲ್ಲ. ಅವರು ಕೆಟ್ಟವರೆಂದಲ್ಲ. ಮೊಣಕಾಲಿನವರಿಗೆ ಮೊಣಕಾಲಿನ ಲೆಕ್ಕ, ಬಿಪಿಯವರಿಗೆ ಬಿಪಿಯ ಲೆಕ್ಕ. ಚೀಲಕ್ಕೆ ಮಾತ್ರ ಯಾರ ಪುಸ್ತಕದಲ್ಲೂ ಕಾಲಂ ಇರಲಿಲ್ಲ.

ನನ್ನ ಜಗಳ ಇರುವುದು ಆ ಕಾಲಮ್ಮಿನ ಜೊತೆ.

2010ರಲ್ಲಿ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಕ್ಯಾನ್ಸರ್, ಮಧುಮೇಹ, ಹೃದಯ ರೋಗ, ಪಾರ್ಶ್ವವಾಯು ಎಂದು ಅದರ ಹೆಸರೇ ರೋಗಗಳ ಪಟ್ಟಿಯಾಗಿತ್ತು. 2023ರಲ್ಲಿ ಬಿಪಿ, ಸಕ್ಕರೆ ಇರುವ 7.5 ಕೋಟಿ ಜನರನ್ನು 2025ರೊಳಗೆ ಸರಿಯಾದ ಚಿಕಿತ್ಸೆಗೆ ತರುತ್ತೇವೆಂಬ ಗುರಿ ಘೋಷಣೆಯಾಯಿತು. ಬಿಪಿ 140/90ಕ್ಕಿಂತ ಕೆಳಗಿದ್ದರೆ ಗೆದ್ದಂತೆ. ಈ ಎಣಿಕೆ ಬೇಡವೆಂದು ನಾನು ಹೇಳುವುದಿಲ್ಲ. ಎಣಿಸಿದ್ದರಿಂದಲೇ ಇವತ್ತು ಹಳ್ಳಿಗೂ ಬಿಪಿ ಗುಳಿಗೆ ಬಂದಿದೆ. ಆದರೆ ಮೂರು ರೋಗ ಇರುವ ಒಬ್ಬ ಹೆಂಗಸು ಈ ಲೆಕ್ಕದಲ್ಲಿ ಮೂರು ಕಡೆ ಸಿಗುತ್ತಾಳೆ, ಇಡಿಯಾಗಿ ಎಲ್ಲೂ ಸಿಗುವುದಿಲ್ಲ.

ಅಷ್ಟೇ ಅಲ್ಲ, ಆ ಅಂಕಿಯೂ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಬಾದಾಮಿ ತಾಲೂಕಿನ ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ. ಅವಳ ಬಿಪಿ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಇದೆ. ಬಾದಾಮಿಗೆ ತೋರಿಸಲು ಹೋಗುವ ದಿನ ಅದನ್ನು ನುಂಗುವುದೇ ಇಲ್ಲ. “ಬಸ್ಸಿನ್ಯಾಗಿಂದ ಇಳದ ಎಲ್ಲಿ ಹೋಗಲಿ?” ಅನ್ನುತ್ತಾಳೆ. ಅಂದರೆ ಗುಳಿಗೆ ನುಂಗದ ದಿನವೇ ಅವಳ ಬಿಪಿ ನೋಡುತ್ತಾರೆ, ಏರಿದೆ ಎಂದು ಗುಳಿಗೆ ಹೆಚ್ಚಿಸುತ್ತಾರೆ. 2023ರ ಜೂನ್‌ನಿಂದ ಬಸ್ಸಿನ ಟಿಕೆಟ್ ಅವಳಿಗೆ ಉಚಿತ, ನಿಜ. ಆ ದಿನದ ಕೂಲಿಯನ್ನು ಯಾವ ಯೋಜನೆಯೂ ಕಟ್ಟಿಕೊಡುವುದಿಲ್ಲ.

ಹಾಗಾದರೆ ರೋಗಿಯನ್ನೇ ಕೇಳೋಣ ಅನ್ನುವವರಿದ್ದಾರೆ. ಒಳ್ಳೆಯದೇ. ಆದರೆ ಹೇಗೆ ಕೇಳುತ್ತೀರಿ? ‘ಸೇವೆ ತೃಪ್ತಿಕರವೇ?’ ಎಂದರೆ ನಮ್ಮ ಕಡೆಯವರು “ಛಲೋ ಐತ್ರಿ” ಅಂತಲೇ ಹೇಳುತ್ತಾರೆ. ಬರುವ ತಿಂಗಳು ಮತ್ತೆ ಅದೇ ಬಾಗಿಲಿಗೆ ಬರಬೇಕಲ್ಲ! ಅಮೆರಿಕದಲ್ಲಿ 2005ರಲ್ಲಿ ದೀರ್ಘಕಾಲದ ರೋಗಿಗಳಿಗೆಂದೇ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಚಿಕಿತ್ಸೆ ಗೊತ್ತು ಮಾಡುವಾಗ ನಿಮ್ಮ ಅಭಿಪ್ರಾಯ ಕೇಳಿದರೇ, ಆಯ್ಕೆ ಕೊಟ್ಟರೇ ಎಂಬಂಥವು. ತೃಪ್ತಿ ಕೇಳುವುದಕ್ಕಿಂತ ಅದು ಎಷ್ಟೋ ವಾಸಿ. ಆದರೂ ಡಾಕ್ಟರು ತನ್ನ ಅಭಿಪ್ರಾಯ ಕೇಳಬಹುದು ಎಂಬುದೇ ಗೊತ್ತಿಲ್ಲದ ಅವ್ವ ಅದಕ್ಕೆ ಎಷ್ಟು ಅಂಕ ಕೊಟ್ಟಾಳು?

ಆದ್ದರಿಂದ ಅನಿಸಿಕೆ ಬಿಟ್ಟು, ನಡೆದದ್ದನ್ನು ಕೇಳಿ. ಮೂರೇ ಪ್ರಶ್ನೆ ಸಾಕು. ಈ ಆರು ತಿಂಗಳಲ್ಲಿ ನಿಮ್ಮ ಎಲ್ಲ ಗುಳಿಗೆಗಳನ್ನು ಯಾರಾದರೂ ಒಟ್ಟಿಗೆ ನೋಡಿದರೇ? ಎಷ್ಟು ದಿನದ ದುಡಿಮೆ ದವಾಖಾನೆಗೆ ಹೋಯಿತು? ನಿಮಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದೇನು ಎಂದು ಯಾರಾದರೂ ಕೇಳಿ ಬರೆದುಕೊಂಡರೇ? ಕೇಳುವವರು ಗುಳಿಗೆ ಕೊಡುವ ಕೌಂಟರಿನವರಾಗಬಾರದು, ಮನೆಯಲ್ಲಿ ಕೇಳಬೇಕು.

ಆಶಾ ಕಾರ್ಯಕರ್ತೆಯರ ತಲೆಗೆ ಇನ್ನೊಂದು ಹೊರೆಯೇ ಎಂದು ನೀವು ಕೇಳಬಹುದು. ಆ ಮಾತು ನ್ಯಾಯವಾದದ್ದು. ಅವರು ಈಗಲೇ ಒಂದೇ ಮನೆಯ ವಿವರವನ್ನು ಹತ್ತು ಕಡೆ ಬರೆಯುತ್ತಾರೆ. ಮೊದಲು ಅದನ್ನು ಕಡಿಮೆ ಮಾಡಿ, ಇದಕ್ಕೆ ಬೇರೆ ದುಡ್ಡು ಕೊಡಿ, ಆಮೇಲೆ ಈ ಮೂರನ್ನು ಸೇರಿಸಿ. ನೂರು ಜನರ ಸಾಲು ಎದುರಿಗಿರುವಾಗ ಚೀಲ ಸುರಿದು ನೋಡಲು ಡಾಕ್ಟರಿಗೆ ಪುರುಸೊತ್ತೆಲ್ಲಿ ಎಂದೂ ಕೇಳಬಹುದು. ಅವ್ವನ ಚೀಲ ನೋಡಲು ಆ ಎಳೆಯ ಡಾಕ್ಟರಿಗೆ ಹಿಡಿದದ್ದು ಐದು ನಿಮಿಷ. ಆ ಐದು ನಿಮಿಷ ಒಂದು ವರ್ಷ ತಡವಾಗಿ ಬಂತು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸವನ್ನು ಅವ್ವ ಎಷ್ಟೋ ಸಾವಿರ ಸಲ ಮಾಡಿದ್ದಾಳೆ. ಮೊನ್ನೆ ಬಾಗಲಕೋಟೆಯಿಂದ ಬರುವಾಗ ಅಮೀನಗಡ ದಾಟಿದ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು ಹೇಳಿದಳು: “ಮೂರೂ ಕಡೆ ಛಲೋ ಮಂದೀನ ಅದಾರಪಾ. ಒಬ್ಬರಿಗೊಬ್ಬರು ಮಾತಾಡಂಗಿಲ್ಲ, ಅಷ್ಟ.”