ಬಯಲುಸೀಮೆಯ ಮಕ್ಕಳು ಹಡಗು ಹತ್ತುವಾಗ

ಆಳಂದ, ಅಫಜಲಪುರ, ಜೇವರ್ಗಿಗಳ ಮಕ್ಕಳಿಗೆ ಕಡಲೆಂದರೆ ಭೂಗೋಳದ ಪುಸ್ತಕದಲ್ಲಿ ಬಳಿದ ನೀಲಿ ಬಣ್ಣ. ಕರಿ ಮಣ್ಣು, ತೊಗರಿಯ ಹೊಲ, ಬೇಸಗೆಯಲ್ಲಿ ಬಡವಾಗಿ ಮಳೆಗಾಲದಲ್ಲಿ ದಡ ಮೀರುವ ಭೀಮಾ ನದಿ, ಇವು ಅವರು ಕಣ್ಣಾರೆ ಕಂಡ ಜಗತ್ತು. ಅಂಥ ಮನೆಗಳಲ್ಲಿ ಈಗ ‘ಬರುವ ರಜೆಗೆ ಹಡಗಿನಲ್ಲಿ ಹೋಗೋಣವೇ?’ ಎಂಬ ಮಾತು ಎದ್ದರೆ ಆಶ್ಚರ್ಯಪಡಬೇಕಾಗಿಲ್ಲ. ೨೦೨೧ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ ನೌಕೆಯು ಮುಂಬಯಿಯಿಂದ ವಿಹಾರಯಾತ್ರೆ ಆರಂಭಿಸಿದ ಮೇಲೆ ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಹಡಗಿನಲ್ಲಿ ಹೋಗಿಬರುವುದು ಮಧ್ಯಮ ವರ್ಗದ ಸಂಸಾರಗಳೂ ಲೆಕ್ಕ ಹಾಕಿ ನೋಡಬಹುದಾದ ಸಂಗತಿಯಾಯಿತು. ೧೯೯೦ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, ೨೦೦ ಮೀಟರಿಗಿಂತ ಉದ್ದದ ಆ ನೌಕೆಯ ಚಿತ್ರ ನೋಡಿದ ಹುಡುಗರಿಗೆ ಆ ರಾತ್ರಿ ನಿದ್ದೆ ಹತ್ತುವುದು ಕಷ್ಟವೇ. ಅಪ್ಪನಿಗೂ ನಿದ್ದೆ ಬರುವುದಿಲ್ಲ, ಅದರ ಕಾರಣ ಬೇರೆ.

ಜಾಹೀರಾತಿನ ರಿಯಾಯಿತಿ ನೋಡಿ ಮೊದಲು ಟಿಕೆಟ್ಟು ಕೊಂಡು, ಉಳಿದುದನ್ನು ಆಮೇಲೆ ಯೋಚಿಸುವವರೇ ಹೆಚ್ಚು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಕ್ರಮ ತಿರುಗುಮುರುಗಾಗಬೇಕು. ಮೊದಲು ತಿಂಗಳು, ಆಮೇಲೆ ಮಕ್ಕಳ ಮೈಗುಣ, ಟಿಕೆಟ್ಟು ಎಲ್ಲಕ್ಕಿಂತ ಕೊನೆಗೆ.

ಮಕ್ಕಳಿಗೆ ಸಿಗುವ ದೊಡ್ಡ ರಜೆಗಳು ಎರಡೇ, ದಸರೆಯದು ಮತ್ತು ಬೇಸಗೆಯದು. ದಸರೆಯ ರಜೆ ಸೆಪ್ಟೆಂಬರಿನ ಕೊನೆಗೋ ಅಕ್ಟೋಬರಿನಲ್ಲೋ ಬರುತ್ತದೆ. ಆಗ ನೈಋತ್ಯ ಮಾರುತ ಹಿಂದೆ ಸರಿಯುತ್ತಿರುತ್ತದೆಯೇ ಹೊರತು ಅರಬ್ಬೀ ಸಮುದ್ರ ಪೂರ್ತಿಯಾಗಿ ತಣಿದಿರುವುದಿಲ್ಲ. ಈ ಭಾಗದವರಿಗೆ ಕಡಲಿನ ಮಾತು ಹಾಗಿರಲಿ, ಊರಿನ ಹೊಳೆಯನ್ನೇ ಆಗ ನಂಬುವಂತಿಲ್ಲ. ೨೦೨೦ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟಾಗ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಊರುಗಳಿಗೆ ನುಗ್ಗಿದುದನ್ನು ಅಲ್ಲಿಯವರು ಮರೆತಿಲ್ಲ. ಜೇವರ್ಗಿಯವರು ರೈಲು ಹಿಡಿಯಲು ಕಲಬುರಗಿಗೆ ಬರಬೇಕಾದರೆ ಕಟ್ಟಿಸಂಗಾವಿಯ ಸೇತುವೆಯಲ್ಲಿ ಇದೇ ಭೀಮೆಯನ್ನು ದಾಟಬೇಕು. ಹಡಗಿನ ಹಣ ಕಟ್ಟಿ ಹೊಳೆಯ ಈಚೆ ದಡದಲ್ಲಿ ನಿಲ್ಲುವ ಪಾಡು ಯಾರಿಗೂ ಬೇಡ.

ಡಿಸೆಂಬರಿನಲ್ಲಿ ಕಡಲು ಶಾಂತವಾಗಿರುತ್ತದೆ, ದರ ಮಾತ್ರ ಏರಿರುತ್ತದೆ. ಎಲ್ಲ ಶಾಲೆಗಳಿಗೂ ಆಗ ರಜೆ ಇರುವುದಿಲ್ಲ. ಉಳಿದುದು ಬೇಸಗೆ. ಅದರಲ್ಲಿಯೂ ಏಪ್ರಿಲಿನ ಉತ್ತರಾರ್ಧವೇ ಲೇಸು. ಪರೀಕ್ಷೆ ಮುಗಿದಿರುತ್ತದೆ, ಕಲಬುರಗಿಯ ಬಿಸಿಲು ೪೦ ಡಿಗ್ರಿ ದಾಟಿ ಮನೆಯಲ್ಲಿ ಕೂರಲು ಬಿಡದಂತಿರುತ್ತದೆ, ಊರಿನಲ್ಲಿ ಹೊಲವಿದ್ದವರಿಗೆ ತೊಗರಿಯ ರಾಶಿಯ ದುಡ್ಡು ಕೈಗೆ ಬಂದಿರುತ್ತದೆ. ಮೇ ತಿಂಗಳಿಗೆ ಮುಂದೂಡಿದರೆ ಚಂಡಮಾರುತದ ಭಯ. ೨೦೨೧ರ ಮೇ ನಡುವಿನಲ್ಲಿ ‘ತೌತೆ’ ಬೀಸಿದಾಗ ಮುಂಬಯಿಯ ಆಚೆಯ ಕಡಲಿನಲ್ಲಿ ಒಂದು ದೊಡ್ಡ ಬಾರ್ಜೇ ಮುಳುಗಿತು.

ಇನ್ನು ಮಕ್ಕಳ ಮೈಗುಣ. ಕಡಲ ಬೇನೆ ಹೊಟ್ಟೆಯಲ್ಲಿ ಹುಟ್ಟುವುದಲ್ಲ, ಕಿವಿಯಲ್ಲಿ ಹುಟ್ಟುವುದು. ಒಳಗಿವಿಯಲ್ಲಿರುವ ಸಮತೋಲನದ ಅಂಗವು ‘ಮೈ ತೂಗುತ್ತಿದೆ’ ಎನ್ನುತ್ತದೆ; ಕೋಣೆಯ ಗೋಡೆ ನೋಡುತ್ತಿರುವ ಕಣ್ಣು ‘ಎಲ್ಲವೂ ನಿಶ್ಚಲ’ ಎನ್ನುತ್ತದೆ. ಈ ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಇದರ ಕಾಟ ಹೆಚ್ಚು. ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಆಳಂದದಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುವಷ್ಟರಲ್ಲೇ ತಾಯಿಯ ಸೆರಗು ಹಿಡಿದು ‘ಅವ್ವಾ, ಹೊಟ್ಯಾಗ ಒಂಥರಾ ಆಗಾಕತ್ತದ’ ಎನ್ನುವ ಮಗುವಿಗೆ ಕಡಲಿನಲ್ಲಿಯೂ ಹಾಗಾಗುವ ಸಂಭವ ಉಂಟು. ಅಂಥ ಮಗುವನ್ನು ಬಿಟ್ಟು ಹೋಗಬೇಕೆಂದಲ್ಲ. ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ ಪಡೆಯಬೇಕು. ತೂಗಾಟ ಅಲ್ಲಿಯೇ ಕಡಿಮೆ, ಬಾಡಿಗೆಯೂ ಬಹುಮಟ್ಟಿಗೆ ಅಲ್ಲಿಯೇ ಕಡಿಮೆ. ಮೇಲಿನ ಅಂತಸ್ತಿನ ಬಾಲ್ಕನಿಗೆ ಆಸೆಪಟ್ಟು ಹೆಚ್ಚು ಹಣ ತೆತ್ತು ಹೆಚ್ಚು ತೂಗಾಟ ಕೊಳ್ಳುವವರೂ ಇದ್ದಾರೆ! ಮಗು ಕಳೆಗುಂದಿದಾಗ ಮೊಬೈಲು ಕಸಿದು, ಹೊರಗೆ ಕರೆತಂದು, ದೂರದ ದಿಗಂತದ ಗೆರೆಯನ್ನು ನೋಡಿಸಬೇಕು. ಮಾತ್ರೆಯ ವಿಷಯವನ್ನು ಹೊರಡುವ ಮುನ್ನವೇ ಮಕ್ಕಳ ವೈದ್ಯರಲ್ಲಿ ಕೇಳಿಕೊಳ್ಳುವುದು ಮೇಲು.

ಮೊದಲ ಸಲಕ್ಕೆ ಎರಡು ರಾತ್ರಿಯ ಯಾತ್ರೆ ಸಾಕು. ಲಕ್ಷದ್ವೀಪದ ಹವಳದ ದಂಡೆಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ತಂದೆತಾಯಂದಿರು ಹೆಚ್ಚು ಸಮಯ ಕೊಡಬೇಕಾದದ್ದು, ಆದರೆ ಎಲ್ಲಕ್ಕಿಂತ ಕಡಿಮೆ ಕೊಡುವುದು, ಒಂದು ಅರ್ಧ ತಾಸಿನ ಅಭ್ಯಾಸಕ್ಕೆ. ಅಪಾಯ ಬಂದಾಗ ಯಾರು ಎಲ್ಲಿ ಸೇರಬೇಕು, ತೇಲು ಅಂಗಿಯನ್ನು ಹೇಗೆ ಧರಿಸಬೇಕು ಎಂಬುದನ್ನು ಹಡಗಿನವರು ಪ್ರಯಾಣಿಕರಿಗೆಲ್ಲ ತಿಳಿಸುತ್ತಾರೆ. ತಿಂಡಿಯ ಸಾಲು ಎಲ್ಲಿದೆ ಎಂದು ಹುಡುಕುತ್ತಿರುವವರಿಗೆ ಅದು ಬೇಸರದ ಕೆಲಸವಾಗಿ ತೋರುತ್ತದೆ. ಆದರೆ ಆ ನಿಯಮದ ಹಿಂದೆ ಸತ್ತವರ ಲೆಕ್ಕವಿದೆ. ೧೯೪೭ರ ಜುಲೈ ೧೭ರಂದು ಮುಂಬಯಿಯಿಂದ ರೇವಸಕ್ಕೆ ಹೊರಟಿದ್ದ ‘ರಾಮದಾಸ್’ ಎಂಬ ಹಡಗು ಮಳೆಗಾಲದ ತೆರೆಗಳಿಗೆ ಸಿಕ್ಕಿ ಮುಳುಗಿದಾಗ ೬೦೦ಕ್ಕೂ ಹೆಚ್ಚು ಜನ ಸತ್ತರು. ಅವರು ಹೊರಟಿದ್ದುದು ದೂರದೇಶಕ್ಕಲ್ಲ, ಎದುರು ದಡಕ್ಕೆ. ೨೦೧೨ರ ಜನವರಿ ೧೩ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಗುಲಿದಾಗ ೩೨ ಜನ ಅಳಿದರು. ಅಂದು ಸಂಜೆಯಷ್ಟೇ ಹಡಗು ಹತ್ತಿದವರಿಗೆ ಅಭ್ಯಾಸ ಇನ್ನೂ ಆಗಿರಲಿಲ್ಲ. ಯಾತ್ರೆ ಆರಂಭವಾದ ೨೪ ತಾಸಿನೊಳಗೆ ಮಾಡಿದರೆ ಸಾಕೆಂಬುದು ಆಗಿನ ನಿಯಮ. ಹಡಗು ಹೊರಡುವ ಮುನ್ನವೇ, ಇಲ್ಲವೆ ಹೊರಟ ಕೂಡಲೇ ಅದು ನಡೆಯಬೇಕೆಂಬ ಅಂತರರಾಷ್ಟ್ರೀಯ ನಿಯಮ ೨೦೧೫ರಲ್ಲಿ ಜಾರಿಗೆ ಬಂದಿತು.

ಆದುದರಿಂದ ಈ ಪಾಠವನ್ನು ಮನೆಯಲ್ಲಿಯೇ ಆಟವಾಗಿ ಕಲಿಸಬಹುದು. ಏಳು ಗಿಡ್ಡ ಕೂಗು, ಆಮೇಲೆ ಒಂದು ಉದ್ದ ಕೂಗು, ಇದು ಹಡಗಿನ ಅಪಾಯದ ಕರೆ. ಪಡಸಾಲೆಯಲ್ಲಿ ತಮ್ಮ ಸೀಟಿ ಊದಿದರೆ ಅಕ್ಕ ಓಡಿಬಂದು ಗೊತ್ತಾದ ಮೂಲೆಯಲ್ಲಿ ನಿಲ್ಲಲಿ. ಹಡಗು ಹತ್ತಿದ ಕೂಡಲೆ ಕೋಣೆಯ ಸಂಖ್ಯೆ, ಅಂತಸ್ತು, ಸೇರುವ ತಾಣ ಈ ಮೂರನ್ನು ಪ್ರತಿಯೊಂದು ಮಗುವಿನ ಬಾಯಲ್ಲೂ ಹೇಳಿಸಬೇಕು. ತೇಲು ಅಂಗಿಯಲ್ಲಿ ಮಕ್ಕಳ ಅಳತೆಯದು ಬೇರೆಯೇ ಇರುತ್ತದೆ. ಕೋಣೆಯಲ್ಲಿ ಇಲ್ಲದಿದ್ದರೆ ಸಂಕೋಚವಿಲ್ಲದೆ ಕೇಳಿ ಪಡೆಯಬೇಕು. ಈಜುಕೊಳದ ವಿಷಯದಲ್ಲಿಯೂ ಎಚ್ಚರ ಬೇಕು, ಕಾವಲಿನವರು ಇದ್ದೇ ಇರುತ್ತಾರೆಂದು ತಿಳಿಯಬಾರದು. ಗಾಣಗಾಪುರದ ಸಂಗಮದಲ್ಲಿ ಅಮರ್ಜೆ ಭೀಮೆಯನ್ನು ಕೂಡುವಲ್ಲಿ ಮೊಣಕಾಲುದ್ದದ ನೀರಿನಲ್ಲೂ ಮಗುವಿನ ರಟ್ಟೆ ಬಿಡದ ತಾಯಿ, ಹೊಳೆಯುವ ನೀಲಿ ಹಂಚಿನ ಕೊಳವನ್ನು ಕಂಡು ಮೈಮರೆಯುವುದು ವಿಚಿತ್ರ.

ಹಣದ ಮಾತು ಬೇಗ ಮುಗಿಯುವಂಥದು. ಜಾಹೀರಾತಿನ ದರ ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುವ ಕೋಣೆಯಲ್ಲಿ ತಲೆಗೆ ಇಷ್ಟೆಂದು ಇರುತ್ತದೆ. ಬಂದರಿನ ಶುಲ್ಕ, ತೆರಿಗೆ ಬೇರೆ. ಮಕ್ಕಳಿಬ್ಬರನ್ನೂ ಅದೇ ಕೋಣೆಯಲ್ಲಿ ಸೇರಿಸಿದರೆ ಎಷ್ಟು, ಹಡಗಿನ ಮೇಲೆ ಬೇರೆಯಾಗಿ ತೆರಬೇಕಾದುದೇನು ಎಂದು ಕೇಳಿ, ಬರೆಸಿಕೊಂಡ ಮೇಲೆ ಮುಂಗಡ ಕೊಡಬೇಕು. ದೇಶದೊಳಗಿನ ಯಾತ್ರೆಗೆ ಪಾಸ್‌ಪೋರ್ಟು ಬೇಕಿಲ್ಲ. ಆದರೆ ಗುರುತಿನ ಚೀಟಿ ಮಕ್ಕಳಿಗೂ ಬೇಕು. ಆಧಾರದಲ್ಲಿರುವ ಹೆಸರಿನ ಅಕ್ಷರಗಳೇ ಟಿಕೆಟ್ಟಿನಲ್ಲಿಯೂ ಇರಬೇಕು.

ಕಲಬುರಗಿಯಿಂದ ಮುಂಬಯಿಗೆ ರೈಲಿನಲ್ಲಿ ಸುಮಾರು ೫೭೦ ಕಿಲೋಮೀಟರು. ಆಳಂದ, ಅಫಜಲಪುರದವರಿಗೆ ಸೊಲ್ಲಾಪುರವೂ ದೂರವಲ್ಲ. ರೈಲಿಗಾಗಿ ಹಡಗು ಕಾಯದು. ಅದೇ ದಿನ ಇಳಿದು ಅದೇ ದಿನ ಹತ್ತುವ ಸಾಹಸ ಬಿಟ್ಟು, ಹಿಂದಿನ ದಿನವೇ ತಲುಪಿ ಒಂದು ರಾತ್ರಿ ತಂಗುವುದು ಜಾಣತನ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಬ್ಯಾಲಾರ್ಡ್ ಪಿಯರಿನ ಬಂದರಿಗೆ ಹಾದಿ ಬಲು ಕಡಿಮೆ. ಕಟಕ ರೊಟ್ಟಿ, ಶೇಂಗಾ ಹಿಂಡಿಗಳ ಗಂಟು ರೈಲಿನಲ್ಲೇ ಮುಗಿಯಲಿ. ಮನೆಯ ಅಡುಗೆಯನ್ನು ಹಡಗಿನೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ.

ನಡುಗಡಲಿನಲ್ಲಿ ಮೊಬೈಲಿಗೆ ಸಂಕೇತ ಸಿಗುವುದಿಲ್ಲ. ಊರಿನಲ್ಲಿ ಉಳಿದ ಅಜ್ಜಿಗೆ ಇದು ತಿಳಿಯದಿದ್ದರೆ ಒಂದು ರಾತ್ರಿಯಲ್ಲಿ ಹತ್ತು ದೇವರಿಗೆ ಹರಕೆ ಹೊತ್ತಾಳು. ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯ ತನಕ ದೂರವಾಣಿ ಬಾರದು, ಯಾವಾಗ ಬಂದೀತು ಎಂಬುದನ್ನು ಮೊಮ್ಮಗಳ ಕೈಯಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿ, ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿ ಹೊರಡಬೇಕು.