ಮೈದಾ ತೆಗೆದ ಮೇಲೆ ಬ್ರೆಡ್ಡಿಗೇನು ಗತಿ?

ಸಾವರ್‌ಡೋ ಬ್ರೆಡ್ ಮಾಡುವವರ ನಡುವೆ ಒಂದು ಬಗೆಯ ಮಡಿವಂತಿಕೆ ಇದೆ. ಹಿಟ್ಟು, ನೀರು, ಉಪ್ಪು, ಹುಳಿಹೆಪ್ಪು: ಇವುಗಳ ಮೇಲೆ ಇನ್ನೊಂದು ಚಿಟಿಕೆ ಏನು ಬಿದ್ದರೂ ಮೈಲಿಗೆ. ಬೇಕರಿಯವರು ‘ಇಂಪ್ರೂವರ್’ ಎನ್ನುವ ಪುಡಿಯ ಹೆಸರೆತ್ತಿದರೆ ಸಾಕು, ಮುಖ ಸಿಂಡರಿಸುತ್ತಾರೆ. ಅತ್ತ ಸಕ್ಕರೆ ಕಾಯಿಲೆಗೋ ತೂಕಕ್ಕೋ ಅಂಜಿ ಲೋ ಕಾರ್ಬ್ ಸಾವರ್‌ಡೋ ಮಾಡಹೊರಟವರು ಅಂಥ ಪುಡಿಗಳನ್ನೇ ಚಮಚಗಟ್ಟಲೆ ಸುರಿಯುತ್ತಾರೆ. ಹಾಗಾದರೆ ಇವರು ಮಾಡುವುದು ಸಾವರ್‌ಡೋ ಹೌದೋ ಅಲ್ಲವೋ?

ಮಡಿವಂತರ ಸಿಟ್ಟು ವಿನಾಕಾರಣ ಹುಟ್ಟಿದ್ದಲ್ಲ. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ರೂಪುಗೊಂಡ ವಿಧಾನ ಗಂಟೆಗಟ್ಟಲೆ ಹುದುಗಬೇಕಾದ ಕಣಕವನ್ನು ಕೆಲವೇ ನಿಮಿಷಗಳ ರಭಸದ ಕಲಸುವಿಕೆಯಲ್ಲಿ ಸಿದ್ಧಪಡಿಸಿತು. ಅದಕ್ಕೆ ಒತ್ತಾಸೆಯಾಗಿ ನಿಂತದ್ದು ಯಂತ್ರದ ಜೊತೆಗೆ ಗಟ್ಟಿ ಕೊಬ್ಬು, ಹೆಚ್ಚು ಯೀಸ್ಟ್ ಮತ್ತು ಆಸ್ಕಾರ್ಬಿಕ್ ಆಮ್ಲದಂಥ ಇಂಪ್ರೂವರ್‌ಗಳು. ಇದೇ ಬಳಗದ ಪೊಟ್ಯಾಸಿಯಂ ಬ್ರೋಮೇಟನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1999ರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. ಬ್ರಿಟನ್ ಅದನ್ನು 1990ರಲ್ಲೇ ನಿಷೇಧಿಸಿತ್ತು, ಭಾರತ 2016ರಲ್ಲಿ ನಿಷೇಧಿಸಿತು. ಬ್ರೋಮೇಟಿನ ದೋಷ ಬೇರೆ, ಅದು ಆರೋಗ್ಯದ ಮಾತು. ಉಳಿದ ಇಂಪ್ರೂವರ್‌ಗಳ ಮೇಲಿನ ಮುಖ್ಯ ದೂರು ಒಂದೇ: ಅವು ಸಮಯದ ಜಾಗದಲ್ಲಿ ಬಂದು ಕೂತವು. ಕಾಯುವುದರಿಂದ ಬರಬೇಕಾದ ರುಚಿ ಬರಲಿಲ್ಲ, ಉಬ್ಬು ಮಾತ್ರ ಬಂತು.

ಲೋ ಕಾರ್ಬ್ ಬ್ರೆಡ್ಡಿಗೂ ಇದೇ ದೂರು ಹೊಂದುತ್ತದೆಯೇ? ಅಲ್ಲಿ ಕಳೆದುಹೋಗಿರುವುದೇ ಬೇರೆ. 100 ಗ್ರಾಂ ಮೈದಾದಲ್ಲಿ ಸುಮಾರು 75 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲಿ ಬಹುಪಾಲು ಪಿಷ್ಟ. ಅದನ್ನು ತೆಗೆದು ಆ ಜಾಗಕ್ಕೆ ಗೋಧಿಯ ಜಿಗುಟು ಪ್ರೋಟೀನಾದ ಗ್ಲೂಟೆನ್ನಿನ ಒಣ ಪುಡಿ, ಓಟ್ಸ್ ನಾರು, ಅಗಸೆ ಹಿಟ್ಟು, ಬಾದಾಮಿ ಹಿಟ್ಟು ಹಾಕುತ್ತಾರೆ. ಇದು ಹೊಸ ಹುಚ್ಚೂ ಅಲ್ಲ. ಪ್ಯಾರಿಸ್ಸಿನ ವೈದ್ಯ ಬುಷಾರ್ದಾ 1841ರಲ್ಲೇ ಮಧುಮೇಹಿಗಳಿಗೆ ಗ್ಲೂಟೆನ್ ಬ್ರೆಡ್ ಸೂಚಿಸಿದ್ದರು. ಇನ್ಸುಲಿನ್ ಬರಲು ಆಗ ಇನ್ನೂ 80 ವರ್ಷವಿತ್ತು.

ಪಿಷ್ಟ ಹೋದರೆ ಏನಾಗುತ್ತದೆಂದು ಓವನ್ನಿನೊಳಗೆ ನೋಡಬೇಕು. ಮಾಮೂಲಿ ಬ್ರೆಡ್ಡಿನ ಒಳಭಾಗ 60 ಡಿಗ್ರಿ ದಾಟುತ್ತಿದ್ದಂತೆ ಪಿಷ್ಟದ ಕಣಗಳು ನೀರು ಹೀರಿ ಊದಿಕೊಂಡು ಗಂಜಿಯಂತಾಗುತ್ತವೆ. ಗ್ಲೂಟೆನ್ ಬಿಟ್ಟುಕೊಟ್ಟ ನೀರನ್ನೂ ಅವೇ ಎಳೆದುಕೊಳ್ಳುತ್ತವೆ. ಹೀಗೆ ಗುಳ್ಳೆಗಳ ಸುತ್ತಲಿನ ಗೋಡೆ ಗಟ್ಟಿಯಾಗುತ್ತದೆ. ಪಿಷ್ಟವಿಲ್ಲದ ಬ್ರೆಡ್ ಓವನ್ನಿನಲ್ಲಿ ಭರ್ಜರಿಯಾಗಿ ಉಬ್ಬಿ, ಹೊರಗೆ ತೆಗೆದು ಆರುವಷ್ಟರಲ್ಲಿ ನಡು ಕುಸಿದು ಕೂರುತ್ತದೆ. ಕೊಯ್ದರೆ ಒಳಗೆ ಜಿಗುಟು, ಜಗಿದರೆ ಹಲ್ಲಿನ ನಡುವೆ ಕಿರ್ರೆನ್ನುತ್ತದೆ.

ಇಂಥ ಕಣಕಕ್ಕೆ ಅಂಗಡಿಯ ಸಿದ್ಧ ಇಂಪ್ರೂವರ್ ಹಾಕಿದರೆ ಆಗುವ ಉಪಕಾರ ಅಷ್ಟಕ್ಕಷ್ಟೇ. ಅದರಲ್ಲಿರುವ ಅಮೈಲೇಸ್ ಕಿಣ್ವದ ಕೆಲಸ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದು. ಇಲ್ಲಿ ಒಡೆಯಲು ಪಿಷ್ಟವೇ ಹೆಚ್ಚಿಲ್ಲ. ಆಸ್ಕಾರ್ಬಿಕ್ ಆಮ್ಲ ಗ್ಲೂಟೆನ್ನಿನ ಹೆಣಿಗೆಯನ್ನು ಬಿಗಿಮಾಡುತ್ತದೆ. ಪುಡಿ ಗ್ಲೂಟೆನ್ ತುಂಬಿದ ಕಣಕ ಮೊದಲೇ ಲಟ್ಟಿಸಿದರೂ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಗಿ, ಅದಕ್ಕೆ ಬೇಕಿರುವುದು ಸಡಿಲಿಸುವ ವಸ್ತು. ಎಲ್-ಸಿಸ್ಟೀನ್ ಆ ಕೆಲಸ ಮಾಡುತ್ತದೆ, ಆದರೆ ಅದನ್ನು ಹಕ್ಕಿಯ ಪುಕ್ಕದಿಂದಲೂ ತೆಗೆಯುವುದುಂಟು, ಸಸ್ಯಾಹಾರಿಗಳು ಗಮನಿಸಬೇಕು. ಅದರ ಬದಲು ಹುಳಿಹೆಪ್ಪನ್ನೇ ನೆಚ್ಚಿಕೊಳ್ಳಬಹುದು. ಹೆಪ್ಪಿನ ಆಮ್ಲ ಗ್ಲೂಟೆನ್ನಿನ ಬಿಗಿಯನ್ನು ತಾನೇ ಸಡಿಲಿಸುತ್ತದೆ, ರುಚಿಯನ್ನೂ ಕೊಡುತ್ತದೆ. ಕುಸಿಯುವ ನಡುವನ್ನು ಎತ್ತಿಹಿಡಿಯಲು ನೀರನ್ನು ಕಟ್ಟಿಡುವ ಲೋಳೆ ಬೇಕು. ಕ್ಸಾಂಥನ್ ಗಮ್ ಅಥವಾ ಇಸಬಗೋಲು ಅದಕ್ಕೆ ಒದಗುತ್ತದೆ. ನಾವು ಮಲಬದ್ಧತೆಯ ಔಷಧವೆಂದು ಬಲ್ಲ ಈ ಇಸಬಗೋಲು ಗುಜರಾತಿನ ಉಂಝಾದಂಥ ಪೇಟೆಗಳಿಂದ ಜಗತ್ತಿನ ಅಡುಗೆಮನೆಗಳಿಗೆ ಹೋಗುತ್ತಿದೆ.

ಯೀಸ್ಟಿಗೆಂದು ಹಾಕುವ ಒಂದು ಚಮಚ ಸಕ್ಕರೆಯ ಮೇಲಿನ ಭಯವನ್ನೂ ಲೆಕ್ಕ ಹಾಕಿ ಬಿಡಿಸಬಹುದು. ಒಂದು ಗ್ರಾಂ ಗ್ಲೂಕೋಸನ್ನು ಯೀಸ್ಟ್ ಪೂರ್ತಿ ಹುದುಗಿಸಿದರೆ ಸುಮಾರು ಕಾಲು ಲೀಟರ್ ಅನಿಲ ಹುಟ್ಟುತ್ತದೆ. ಐದು ಗ್ರಾಂ ಹಾಕಿದರೆ ಒಂದು ಲೀಟರಿಗೂ ಹೆಚ್ಚು. ಸೋರಿ ಹೋಗುವುದನ್ನು ಕಳೆದರೂ ಬ್ರೆಡ್ ಏಳಲು ಅದು ದೊಡ್ಡ ಆಸರೆ, ಮತ್ತು ಆ ಸಕ್ಕರೆಯ ಬಹುಪಾಲನ್ನು ತಿನ್ನುವುದು ಯೀಸ್ಟೇ ಹೊರತು ನಾವಲ್ಲ. ನಿಜವಾಗಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಹೆಪ್ಪನ್ನು. ಸಮಭಾಗ ಹಿಟ್ಟು, ನೀರಿನ 100 ಗ್ರಾಂ ಹೆಪ್ಪಿನೊಂದಿಗೆ 37 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಬರುತ್ತದೆ. 15 ಹೋಳು ಮಾಡಿದರೆ ಹೋಳಿಗೆ ಎರಡೂವರೆ ಗ್ರಾಂ. ಇದೇ ಲೆಕ್ಕ ಇನ್ನೊಂದು ನಂಬಿಕೆಯನ್ನೂ ಕೆಡವುತ್ತದೆ. ಏಳಲು ಇಷ್ಟು ಕಡಿಮೆ ಸಕ್ಕರೆ ಸಾಕಾದಾಗ, ರಾತ್ರಿಯಿಡೀ ಹುದುಗಿದ ಮೈದಾ ಬ್ರೆಡ್ ತಾನಾಗಿಯೇ ಲೋ ಕಾರ್ಬ್ ಆಗುತ್ತದೆ ಎನ್ನುವುದು ಭ್ರಮೆ. ಹುಳಿ ರಕ್ತಕ್ಕೆ ಸಕ್ಕರೆ ಸೇರುವ ವೇಗವನ್ನು ತಗ್ಗಿಸಬಹುದು, ಪಿಷ್ಟವನ್ನು ಮಾಯ ಮಾಡುವುದಿಲ್ಲ.

ಹೀಗೆ ನೋಡಿದರೆ ಇಂಪ್ರೂವರ್‌ಗಳಲ್ಲಿ ಎರಡು ಜಾತಿ. ಒಂದು ಸಮಯಕ್ಕೆ ಬದಲಿ, ಇನ್ನೊಂದು ವಸ್ತುವಿಗೆ ಬದಲಿ. ನಮ್ಮ ದೋಸೆಹಿಟ್ಟಿನಲ್ಲಿ ಈ ಎರಡೂ ಇವೆ. ಅಕ್ಕಿಯಲ್ಲಿ ಗ್ಲೂಟೆನ್ ಇಲ್ಲ, ಅನಿಲ ಹಿಡಿದಿಡಲು ಉದ್ದಿನ ಲೋಳೆ ಬೇಕು, ಜೊತೆಗೆ ಒಂದು ಚಮಚ ಮೆಂತ್ಯ. ಇದನ್ನು ಯಾರೂ ಕಲಬೆರಕೆ ಎನ್ನುವುದಿಲ್ಲ. ಹುದುಗದ ಹಿಟ್ಟಿಗೆ ಬೆಳಿಗ್ಗೆ ಸೋಡಾ ಹಾಕಿ ಉಬ್ಬಿಸಿದರೆ ಮಾತ್ರ ಅತ್ತೆಯವರು ಒಂದೇ ತುತ್ತಿಗೆ ಹಿಡಿದುಬಿಡುತ್ತಾರೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಗೋಧಿಯ ಹಿಟ್ಟನ್ನೇ ಬಿಟ್ಟ ಮೇಲೆ ಸಾವರ್‌ಡೋ ಬ್ರೆಡ್ ಎಂಬ ಹೆಸರೇಕೆ, ಬೇರೇನಾದರೂ ತಿಂದರಾಗದೇ? ತಿನ್ನಬಹುದು, ಹಲವರಿಗೆ ಅದೇ ಒಳ್ಳೆಯದು. ಆದರೆ ಊಟದ ರೂಢಿ ವೈದ್ಯರ ಚೀಟಿಯಿಂದ ಒಂದೇ ದಿನಕ್ಕೆ ಬದಲಾಗುವಂಥದ್ದಲ್ಲ. ಹೆಸರಿನ ವಿಚಾರದಲ್ಲಿ ಫ್ರಾನ್ಸಿನ 1993ರ ಬ್ರೆಡ್ ಕಾನೂನು ವಿವೇಕ ತೋರಿದೆ. ಹುಳಿಹೆಪ್ಪಿನ ಬ್ರೆಡ್ ಎನ್ನಿಸಿಕೊಳ್ಳಲು ಅದರ ಪಿಎಚ್ 4.3ನ್ನು ಮೀರಬಾರದು, ತಿರುಳಿನಲ್ಲಿ ಕಿಲೋಗೆ ಕನಿಷ್ಠ 900 ಮಿಲಿಗ್ರಾಂ ಅಸಿಟಿಕ್ ಆಮ್ಲ ಇರಬೇಕು. ಅದೇ ಕಾನೂನು ಹಿಟ್ಟಿನ ತೂಕದ ಶೇ. 0.2ರಷ್ಟು ಬೇಕರಿ ಯೀಸ್ಟಿಗೂ ಅವಕಾಶ ಕೊಟ್ಟಿದೆ. ಚೂರು ಆಸರೆ ಇದ್ದರೂ ಅಡ್ಡಿಯಿಲ್ಲ, ಹುಳಿ ಮಾತ್ರ ಹುದುಗಿಯೇ ಬರಬೇಕು ಎಂಬ ನಿಲುವು ಅದು. ಈ ಅಳತೆಗೋಲಿನಲ್ಲಿ ಇಸಬಗೋಲು ಹಾಕಿದ ಬ್ರೆಡ್ ಗೆಲ್ಲುತ್ತದೆ, ವಿನೆಗರ್ ಸುರಿದು ಹುಳಿ ಬರಿಸಿದ್ದು ಸೋಲುತ್ತದೆ.

ಉಳಿದದ್ದು ಮುಚ್ಚುಮರೆಯಿಲ್ಲದೆ ಹೇಳುವ ಪ್ರಶ್ನೆ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರ ಮಧುಮೇಹಿಗಳ ಹೆಸರಿನಲ್ಲಿ ಮಾರುತ್ತಿದ್ದ ಗ್ಲೂಟೆನ್ ತಿನಿಸುಗಳನ್ನು ಪರೀಕ್ಷಿಸಿದಾಗ ಎಷ್ಟೋ ಮಾದರಿಗಳಲ್ಲಿ ಧಾರಾಳ ಪಿಷ್ಟ ಸಿಕ್ಕಿತ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ಭಾರತದ ಮಧುಮೇಹಿಗಳು 10.1 ಕೋಟಿ. ಇಷ್ಟು ದೊಡ್ಡ ಮಾರುಕಟ್ಟೆಯಲ್ಲಿ ‘ಲೋ ಕಾರ್ಬ್’ ಎಂಬ ಚೀಟಿ ಎಲ್ಲೆಲ್ಲಿ ಅಂಟಿಕೊಳ್ಳುತ್ತದೆಂದು ಊಹಿಸಬಹುದು. ಇಂಥ ಬ್ರೆಡ್ ಸೀಲಿಯಾಕ್ ರೋಗಿಗಳಿಗೆ ವಿಷ, ಏಕೆಂದರೆ ಅದು ನಿಂತಿರುವುದೇ ಗ್ಲೂಟೆನ್ನಿನ ಮೇಲೆ. ಈ ಮಾತನ್ನು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲೇ ಮುದ್ರಿಸಬೇಕು.

ಆದ್ದರಿಂದ ಇಂಪ್ರೂವರ್ ಡಬ್ಬಿ ಎತ್ತಿಕೊಳ್ಳುವ ಮುನ್ನ ಕಣಕಕ್ಕೆ ಏನು ಕೊರತೆ ಎಂದು ಕೇಳಿಕೊಳ್ಳಬೇಕು. ಕೊರತೆ ನೀರು ಹಿಡಿಯುವ ಶಕ್ತಿಯದಾದರೆ ಲೋಳೆ ಹಾಕಿ, ಬಿಗಿ ಹೆಚ್ಚಾದರೆ ಸಡಿಲಿಸಿ, ಯೀಸ್ಟಿಗೆ ಆಹಾರವಿಲ್ಲದಿದ್ದರೆ ಚಮಚ ಸಕ್ಕರೆ ಹಾಕಿ. ಕೊರತೆ ತಾಳ್ಮೆಯದಾದರೆ ಯಾವ ಪುಡಿಯನ್ನೂ ಹಾಕಬೇಡಿ, ಇನ್ನೆರಡು ಗಂಟೆ ಕಾಯಿರಿ.